ಅಂಗಡಿ ಮುಂದೆ ಯಾರ ಕೈಗೆ?

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಪಾಲುಗಾರನ ನಿವೃತ್ತಿ ಮತ್ತು ಮರಣದ ಬಗ್ಗೆ ಒಂದು ಅಧ್ಯಾಯವಿದೆ. ಎ, ಬಿ, ಸಿ ಮೂವರು ಪಾಲುಗಾರರು. ಸಿ ತೀರಿಕೊಂಡ. ಅವನ ಬಂಡವಾಳ, ಅಲ್ಲಿಯವರೆಗಿನ ಲಾಭದ ಪಾಲು, ಕೀರ್ತಿಮೌಲ್ಯದ ಪಾಲು ಎಲ್ಲವನ್ನೂ ಕೂಡಿಸಿ ಅವನ ವಾರಸುದಾರರಿಗೆ ಕೊಡಬೇಕಾದ ಮೊತ್ತವನ್ನು ತೋರಿಸಿ ಎಂದು ಲೆಕ್ಕ ಇರುತ್ತದೆ. ಈ ಲೆಕ್ಕವನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸುತ್ತೇನೆ, ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಅದೇ ಮಕ್ಕಳನ್ನು, "ನಿಮ್ಮ ಮನೆಯ ಅಂಗಡಿಯಲ್ಲಿ ಹೀಗಾದರೆ ಯಾರಿಗೆ ಎಷ್ಟು ಹೋಗುತ್ತದೆ, ಅಂಗಡಿ ನಡೆಸುವವರು ಯಾರು?" ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ.

ಸುಮ್ಮನಾಗುವುದು ಸಹಜವೇ. ಕಣ್ಣೆದುರು ಗಟ್ಟಿಯಾಗಿ ಓಡಾಡುತ್ತಿರುವ ತಂದೆಯ ಮುಂದೆ "ನಿಮ್ಮ ನಂತರ" ಎಂಬ ಮಾತು ತೆಗೆಯುವುದು ಅಪಶಕುನ ಅನ್ನಿಸುತ್ತದೆ. ಆಸ್ತಿಯ ಮೇಲೆ ಕಣ್ಣು ಹಾಕಿದ ಹಾಗೆ ಕಾಣುತ್ತದೆ. ಆದರೂ ಈ ಲೇಖನದಲ್ಲಿ ಆ ಮಾತನ್ನೇ ತೆಗೆಯುತ್ತಿದ್ದೇನೆ. ಏಕೆಂದರೆ ಅದನ್ನು ಆಡದೆ ಬಿಟ್ಟರೆ ಬೆಲೆ ತೆರುವವರು ಬಹಳ ಸಲ ನಿಮ್ಮ ವಯಸ್ಸಿನವರೇ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಗೈರುಹಾಜರಿ ಸಾಲಾಗಿ ಬೀಳತೊಡಗುತ್ತದೆ. ವಿಚಾರಿಸಿದರೆ ಗೆಳೆಯರು, "ಅವರ ಅಬ್ಬಾಗೆ ಲಕ್ವಾ ಹೊಡೆದಿದೆ ಸರ್, ಅಂಗಡೀಲಿ ಅವನೇ ಕೂತಿದ್ದಾನೆ" ಎನ್ನುತ್ತಾರೆ. ಕೆಲವರು ತಿಂಗಳೆರಡು ತಿಂಗಳಿಗೆ ಮರಳಿ ಬರುತ್ತಾರೆ. ಕೆಲವರು ವಾರ್ಷಿಕ ಪರೀಕ್ಷೆಗೂ ಬರುವುದಿಲ್ಲ. ಮಗ ಗಲ್ಲಾದಲ್ಲಿ ಕೂತ ಮನೆಯಲ್ಲಿ ಮಗಳ ಕಾಲೇಜಿನ ಖರ್ಚಿಗೂ ಕತ್ತರಿ ಬೀಳುವುದುಂಟು.

ಇದಕ್ಕೆಲ್ಲ ಕಾಯಿಲೆಯೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ವ್ಯಾಪಾರವೆಲ್ಲ ಒಬ್ಬರ ಹೆಸರಿನಲ್ಲಿ, ಒಬ್ಬರ ತಲೆಯಲ್ಲಿ ಇದ್ದದ್ದೂ ಕಾರಣ. ಅಂಗಡಿಯನ್ನು ಮುಂದಿನವರಿಗೆ ದಾಟಿಸುವುದು ಮಾಲೀಕರು ಆರೋಗ್ಯವಾಗಿರುವಾಗಲೇ, ನಾಲ್ಕೈದು ವರ್ಷ ಹಿಡಿದು, ನಿಧಾನವಾಗಿ ಮಾಡಬೇಕಾದ ಕೆಲಸ. ಅದನ್ನು ಮಾಡುವ ಬಗೆಯನ್ನು ನಮ್ಮ ಸುತ್ತಲಿನ ಉದಾಹರಣೆಗಳ ಮೂಲಕವೇ ವಿವರಿಸುತ್ತೇನೆ.

ವಸ್ತು, ಹೆಸರು, ತಿಳಿವಳಿಕೆ

ನಮ್ಮ ಕಾಲೇಜಿಗೆ ಮಕ್ಕಳು ಬರುವ ಮೂರು ಊರುಗಳಿಂದ ಮೂರು ವ್ಯಾಪಾರಗಳನ್ನು ತೆಗೆದುಕೊಳ್ಳೋಣ.

ಮೊದಲನೆಯದು ಬಳ್ಳಾರಿಯ ಜೀನ್ಸ್. ಈ ಹೆಸರು ದೇಶದ ಮಾರುಕಟ್ಟೆಗೆಲ್ಲ ಗೊತ್ತು. ಆದರೆ ಹೊಲಿಗೆ ನಡೆಯುವ ಜಾಗಗಳು ಬಹಳಷ್ಟು ಸಣ್ಣವು. ಕೌಲ್ ಬಜಾರ್‌ನಂಥ ಕಡೆ ಮನೆಯ ಮಹಡಿಯಲ್ಲೋ ಬಾಡಿಗೆ ಶೆಡ್ಡಿನಲ್ಲೋ ಹತ್ತು ಹದಿನೈದು ಮಷೀನು ಹಾಕಿಕೊಂಡ ಘಟಕಗಳು. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಕೊನೆಯಲ್ಲಿ ದಾರ ಕತ್ತರಿಸುವ ಕೆಲಸ ಹೆಣ್ಣುಮಕ್ಕಳ ಮನೆಗಳಲ್ಲಿ. ಎರಡನೆಯದು ಸಿರುಗುಪ್ಪದ ರೈಸ್ ಮಿಲ್. ತುಂಗಭದ್ರೆಯ ನೀರಿಗೆ ಬೆಳೆದ ಭತ್ತ ಕೊಂಡು, ಅಕ್ಕಿ ಮಾಡಿ, ನುಚ್ಚು ಮತ್ತು ತೌಡನ್ನೂ ಮಾರುವ ವ್ಯಾಪಾರ. ಅಣ್ಣತಮ್ಮಂದಿರೋ ನೆಂಟರೋ ಪಾಲುಗಾರರಾಗಿ ಇಂಥ ಮಿಲ್ ನಡೆಸುವುದುಂಟು. ಮೂರನೆಯದು ಕುರುಗೋಡಿನ ಗೊಬ್ಬರ, ಬೀಜ, ಕ್ರಿಮಿನಾಶಕದ ಅಂಗಡಿ. ಬಿತ್ತನೆಗೆ ಉದ್ರಿ ಕೊಟ್ಟು ಸುಗ್ಗಿಗೆ ವಸೂಲಿ ಮಾಡುವ ವ್ಯಾಪಾರ.

ಮೂರರಲ್ಲೂ ಮೂರು ಪದರಗಳಿವೆ. ಮೊದಲನೆಯದು ವಸ್ತು: ಮಷೀನು, ದಾಸ್ತಾನು, ಗೋದಾಮು, ಬರಬೇಕಾದ ಬಾಕಿ. ಎರಡನೆಯದು ಹೆಸರು: ಪರವಾನಗಿ, ಜಿಎಸ್‌ಟಿ ನೋಂದಣಿ, ಬ್ಯಾಂಕ್ ಖಾತೆ, ಬಾಡಿಗೆ ಕರಾರು. ಮೂರನೆಯದು ತಿಳಿವಳಿಕೆ: ಯಾವ ಪಾರ್ಟಿ ದುಡ್ಡು ಬೇಗ ಕೊಡುತ್ತಾನೆ, ಯಾವ ಟೇಲರ್‌ಗೆ ಎಷ್ಟು ಅಡ್ವಾನ್ಸ್ ಹೋಗಿದೆ, ಯಾವ ಹಳ್ಳಿಯ ಭತ್ತದಲ್ಲಿ ನುಚ್ಚು ಹೆಚ್ಚು ಬೀಳುತ್ತದೆ, ಯಾವ ರೈತ ಒಂದು ಬೆಳೆ ಕೆಟ್ಟರೂ ಮುಂದಿನ ಬೆಳೆಗೆ ಸಾಲ ತೀರಿಸುತ್ತಾನೆ.

ಮಾಲೀಕರು ತೀರಿಕೊಂಡರೆ ವಸ್ತು ಕಾನೂನಿನ ಪ್ರಕಾರ ವಾರಸುದಾರರಿಗೆ ಬರುತ್ತದೆ. ಹೆಸರಿನಲ್ಲಿದ್ದದ್ದಕ್ಕೆಲ್ಲ ಹೊಸದಾಗಿ ಅರ್ಜಿ ಹಾಕಬೇಕು. ತಿಳಿವಳಿಕೆಯನ್ನು ಮೊದಲೇ ಕಲಿಸಿರದಿದ್ದರೆ ಅದು ಅವರೊಡನೆಯೇ ಹೋಗುತ್ತದೆ. ನಮ್ಮ ಮನೆಗಳಲ್ಲಿ ಜಗಳವೆಲ್ಲ ಮೊದಲನೆಯದರ ಬಗ್ಗೆ ಆಗುತ್ತದೆ. ಅಂಗಡಿ ಮುಚ್ಚುವುದು ಮಾತ್ರ ಎರಡನೆಯದರಿಂದ ಮತ್ತು ಮೂರನೆಯದರಿಂದ.

ಮಾಲೀಕ ಹೋದರೆ ಸಂಸ್ಥೆ ಉಳಿಯುತ್ತದೆಯೇ?

ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಏಕವ್ಯಕ್ತಿ ಮಾಲೀಕತ್ವದ ದೋಷಗಳಲ್ಲಿ "ನಿರಂತರತೆಯ ಕೊರತೆ" ಎಂದು ಒಂದು ಸಾಲು ಬರೆಸುತ್ತೇವೆ. ಅದರ ಅರ್ಥ ಇಷ್ಟು. ಏಕವ್ಯಕ್ತಿ ವ್ಯಾಪಾರದಲ್ಲಿ ಮಾಲೀಕ ಮತ್ತು ಅಂಗಡಿ ಕಾನೂನಿನ ಕಣ್ಣಿಗೆ ಬೇರೆ ಬೇರೆ ಅಲ್ಲ. ಸಾವಿನ ಸುದ್ದಿ ಬ್ಯಾಂಕಿಗೆ ತಿಳಿದ ಕೂಡಲೇ ಅವರ ಖಾತೆಯ ವ್ಯವಹಾರ ನಿಲ್ಲುತ್ತದೆ. ಗೋಡೆಯ ಮೇಲಿನ ಕ್ಯೂಆರ್ ಕೋಡ್ ಅದೇ ಖಾತೆಗೆ ಸೇರಿದ್ದು. ಜಿಎಸ್‌ಟಿಯ ಒಟಿಪಿ ಬರುವುದು ಅವರ ಮೊಬೈಲಿಗೆ, ಮೊಬೈಲ್ ತೆರೆಯುವುದು ಅವರ ಬೆರಳಿಗೆ. ಮಗನಿಗೆ ಮುಖ್ತ್ಯಾರ್‌ಪತ್ರ ಕೊಟ್ಟಿದ್ದಾರೆ ಎಂದು ಧೈರ್ಯ ತಂದುಕೊಳ್ಳುವ ಹಾಗಿಲ್ಲ. ಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಅದರ ಬಲವೂ ಮುಗಿಯುತ್ತದೆ.

ಪಾಲುಗಾರಿಕೆಯಲ್ಲಿ ಸ್ವಲ್ಪ ಉತ್ತಮ. 1932ರ ಭಾರತೀಯ ಪಾಲುಗಾರಿಕೆ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಒಬ್ಬ ಪಾಲುಗಾರ ತೀರಿಕೊಂಡರೆ ಸಂಸ್ಥೆ ವಿಸರ್ಜನೆಯಾಗುತ್ತದೆ. ಆದ್ದರಿಂದ "ಒಬ್ಬರ ಮರಣದಿಂದ ಸಂಸ್ಥೆ ನಿಲ್ಲತಕ್ಕದ್ದಲ್ಲ" ಎಂಬ ಒಂದು ಷರತ್ತು ಒಪ್ಪಂದ ಪತ್ರದಲ್ಲಿ ಇರಲೇಬೇಕು. ಆದರೆ ಪಾಲುಗಾರರು ಇಬ್ಬರೇ ಆಗಿದ್ದರೆ ಈ ಷರತ್ತೂ ಕೆಲಸಕ್ಕೆ ಬರುವುದಿಲ್ಲ. ಒಬ್ಬರು ಹೋದ ಮೇಲೆ ಉಳಿದ ಒಬ್ಬರಿಂದ ಪಾಲುಗಾರಿಕೆ ಆಗುವುದಿಲ್ಲವಲ್ಲ. ಇಬ್ಬರು ಅಣ್ಣತಮ್ಮಂದಿರ ಮಿಲ್ ಇದ್ದರೆ ಈಗಲೇ ಮೂರನೆಯ ಹೆಸರನ್ನು ಸೇರಿಸುವುದು ಜಾಣತನ. ಅದು ಮನೆಯ ತಾಯಿಯ ಹೆಸರಾಗಬಹುದು, 18 ತುಂಬಿದ ಮಗಳ ಹೆಸರೂ ಆಗಬಹುದು. ನಿಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ 18 ತುಂಬಿಲ್ಲ. ಹಾಗಿರುವಾಗ ಎಲ್ಲ ಪಾಲುಗಾರರ ಒಪ್ಪಿಗೆಯಿಂದ ಲಾಭದ ಪ್ರಯೋಜನಕ್ಕೆ ಮಾತ್ರ ನಿಮ್ಮನ್ನು ಸೇರಿಸಬಹುದು, ಪೂರ್ಣ ಪಾಲುಗಾರರಾಗಿ ಅಲ್ಲ.

ಕಂಪನಿಯ ಕಥೆ ಬೇರೆ. ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಅಜೀಂ ಪ್ರೇಮ್‌ಜಿ ಅವರದು. 1966ರ ಆಗಸ್ಟ್‌ನಲ್ಲಿ ತಂದೆ ಎಂ. ಎಚ್. ಹಾಶಂ ಪ್ರೇಮ್‌ಜಿ ತೀರಿಕೊಂಡಾಗ ಅಜೀಂ ಅವರಿಗೆ 21 ವರ್ಷ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದರು. ಓದು ನಿಲ್ಲಿಸಿ ಮರಳಿ ಬಂದರು. ಮಹಾರಾಷ್ಟ್ರದ ಅಮಳನೇರ್ ಎಂಬ ಸಣ್ಣ ಊರಿನಲ್ಲಿ ವನಸ್ಪತಿ ತಯಾರಿಸುತ್ತಿದ್ದ ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಕಂಪನಿಯ ಹೊಣೆ ಹೊತ್ತರು. ಇಂದಿನ ವಿಪ್ರೋ ಅದೇ. ಎಷ್ಟೋ ವರ್ಷಗಳ ಮೇಲೆ ಅವರು ತಮ್ಮ ಪದವಿ ಪೂರ್ತಿ ಮಾಡಿಕೊಂಡರು. 1945ರಲ್ಲಿ ಆರಂಭವಾದ ಆ ಸಂಸ್ಥೆ ಕಂಪನಿಯಾಗಿ ನೋಂದಣಿಯಾಗಿತ್ತು. ಮುಖ್ಯಸ್ಥರು ಹೋದರೂ ಕಂಪನಿ ಬದುಕಿತ್ತು, ಅದರ ಖಾತೆ, ಕರಾರು, ಪರವಾನಗಿ ಎಲ್ಲ ಅದರ ಹೆಸರಿನಲ್ಲೇ ಇದ್ದವು. 21ರ ಹುಡುಗ ಕಲಿಯಲು ಕಾಲಾವಕಾಶ ಸಿಕ್ಕಿದ್ದು ಅದರಿಂದ. ಇದೇ ಪ್ರೇಮ್‌ಜಿ ಅವರು 2019ರ ಜುಲೈ ಕೊನೆಯಲ್ಲಿ ಕಾರ್ಯನಿರ್ವಾಹಕ ಅಧ್ಯಕ್ಷ ಸ್ಥಾನದಿಂದ ಇಳಿದಾಗ ಆ ಜಾಗಕ್ಕೆ ಬಂದವರು ಮಗ ರಿಶದ್. ಅವರು 2007ರಿಂದಲೇ ಕಂಪನಿಯೊಳಗೆ ಕೆಲಸ ಮಾಡಿ ಬಂದವರು. ತಂದೆಗೆ ಕಲಿಯಲು ಒಂದು ದಿನವೂ ಸಿಕ್ಕಿರಲಿಲ್ಲ, ಮಗನಿಗೆ ಹನ್ನೆರಡು ವರ್ಷ ಸಿಕ್ಕಿತು.

ನಮ್ಮ ಜೀನ್ಸ್ ಘಟಕಗಳೆಲ್ಲ ಕಂಪನಿಗಳಾಗಬೇಕೆಂದು ಹೇಳುತ್ತಿಲ್ಲ. ಕಂಪನಿಗೆ ಖರ್ಚಿದೆ, ಪ್ರತಿ ವರ್ಷ ಆಡಿಟ್ ಇದೆ. ವ್ಯಾಪಾರ ಬೆಳೆದಿದ್ದರೆ ಯೋಚಿಸಲಿ. 2013ರ ಕಂಪನಿ ಕಾಯ್ದೆಯಲ್ಲಿ ಏಕವ್ಯಕ್ತಿ ಕಂಪನಿಗೂ ಅವಕಾಶವಿದೆ, ಅದಕ್ಕೆ ಆರಂಭದಲ್ಲೇ ಮುಂದಿನ ನಾಮಿನಿಯ ಹೆಸರು ಕೊಡಬೇಕು. ನಾಳೆ ಯಾರು ಎಂಬ ಪ್ರಶ್ನೆಯನ್ನು ಕಾನೂನು ಮೊದಲ ದಿನವೇ ಕೇಳುತ್ತದೆ.

ಅಂಗಡಿ ಬರುತ್ತದೆ, ಪರವಾನಗಿ ಬರುವುದಿಲ್ಲ

ಜಿಎಸ್‌ಟಿಯಲ್ಲಿ ಮಾಲೀಕರು ತೀರಿಕೊಂಡ ಮೇಲೆ ವ್ಯಾಪಾರ ಮುಂದುವರಿಸುವ ವಾರಸುದಾರರು 30 ದಿನದೊಳಗೆ ತಮ್ಮ ಹೆಸರಿನಲ್ಲಿ ಹೊಸ ನೋಂದಣಿಗೆ ಅರ್ಜಿ ಹಾಕಬೇಕು, ಹಳೆಯದನ್ನು ರದ್ದು ಮಾಡಿಸಬೇಕು. ಹಳೆಯ ನೋಂದಣಿಯಲ್ಲಿ ಉಳಿದ ತೆರಿಗೆ ಕ್ರೆಡಿಟ್ ಅನ್ನು ಐಟಿಸಿ-02 ನಮೂನೆಯ ಮೂಲಕ ಹೊಸದಕ್ಕೆ ತರಬಹುದು. 2019ರ ಮಾರ್ಚ್‌ನಲ್ಲಿ ಹೊರಟ ಸುತ್ತೋಲೆ ಇದನ್ನು ಸ್ಪಷ್ಟಪಡಿಸಿದೆ. ವ್ಯಾಪಾರ ಮುಂದುವರಿಸಿದವರಿಗೆ ಹಳೆಯ ತೆರಿಗೆ ಬಾಕಿಯ ಹೊಣೆಯೂ ಬರುತ್ತದೆ ಎಂಬುದು ನೆನಪಿರಲಿ.

ಹೋಟೆಲ್, ಬೇಕರಿ, ರೈಸ್ ಮಿಲ್ ಇವಕ್ಕೆ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು. ಪರವಾನಗಿದಾರರು ತೀರಿಕೊಂಡರೆ ಅದು ವಾರಸುದಾರರ ಅನುಕೂಲಕ್ಕೆ 90 ದಿನ, ಇಲ್ಲವೇ ಅಧಿಕಾರಿ ಕೊಟ್ಟ ಹೆಚ್ಚಿನ ಅವಧಿಯವರೆಗೆ ನಡೆಯುತ್ತದೆ. ಅದಕ್ಕೂ ಮೊದಲೇ ಪರವಾನಗಿಯ ಅವಧಿ ಮುಗಿದರೆ ಅಲ್ಲಿಗೇ ನಿಲ್ಲುತ್ತದೆ. ಅಷ್ಟರೊಳಗೆ ಹೆಸರು ಬದಲಾಯಿಸಿಕೊಳ್ಳಬೇಕು.

ಕುರುಗೋಡಿನ ಕ್ರಿಮಿನಾಶಕದ ಅಂಗಡಿಯ ವಿಷಯ ಇನ್ನೂ ಬಿಗಿ. ಕ್ರಿಮಿನಾಶಕ ಮಾರುವ ಪರವಾನಗಿಗೆ ಈಗ ಕೃಷಿ ಅಥವಾ ಅದಕ್ಕೆ ಹತ್ತಿರದ ವಿಜ್ಞಾನದ ವಿದ್ಯಾರ್ಹತೆ ಕೇಳುತ್ತಾರೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ಇಂಥ ಅಂಗಡಿಯವರಿಗಾಗಿಯೇ "ದೇಸಿ" ಎಂಬ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ಮೆಡಿಕಲ್ ಶಾಪ್‌ಗೆ ನೋಂದಾಯಿತ ಫಾರ್ಮಸಿಸ್ಟ್ ಇರಲೇಬೇಕು. ಅಂದರೆ ತಂದೆಯ ಮೂವತ್ತು ವರ್ಷದ ಅನುಭವ ಮಗನಿಗೋ ಮಗಳಿಗೋ ಪರವಾನಗಿ ತಂದುಕೊಡುವುದಿಲ್ಲ, ಅವರ ಸರ್ಟಿಫಿಕೇಟ್ ತಂದುಕೊಡುತ್ತದೆ. ಮನೆಯಲ್ಲಿ ಇಂಥ ಅಂಗಡಿ ಇದ್ದರೆ ಪಿಯುಸಿ ನಂತರ ಏನು ಓದುವುದು ಎಂಬ ನಿಮ್ಮ ನಿರ್ಧಾರವೇ ಅಂಗಡಿಯ ನಾಳೆಯ ನಿರ್ಧಾರವೂ ಹೌದು. ಬಿ.ಎಸ್ಸಿ. ಕೃಷಿಗೆ ಹೋಗುವ ಮಗಳಿಗೆ ಆ ಅಂಗಡಿಯ ಗಲ್ಲಾದಲ್ಲಿ ಕೂರುವ ಅರ್ಹತೆ ಕಾನೂನಿನ ಕಣ್ಣಿಗೆ ಅಣ್ಣನಿಗಿಂತ ಹೆಚ್ಚು.

ಪಾಲಿನ ಲೆಕ್ಕ

ಈಗ ವಸ್ತುವಿಗೆ ಬರೋಣ. ಒಬ್ಬ ಮಾಲೀಕರು ತೀರಿಕೊಂಡರು ಎಂದಿಟ್ಟುಕೊಳ್ಳಿ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಅವರ ತಂದೆತಾಯಿ ಬದುಕಿಲ್ಲ. ಅಂತ್ಯಕ್ರಿಯೆಯ ಖರ್ಚು, ಸಾಲ ಎಲ್ಲ ಕಳೆದು ಸ್ವಂತ ಗಳಿಕೆ 32 ಲಕ್ಷ ರೂಪಾಯಿ ಉಳಿದಿದೆ. ಉಯಿಲು ಏನೂ ಇಲ್ಲ.

ಮುಸ್ಲಿಂ ಕುಟುಂಬವಾದರೆ, ಮಕ್ಕಳಿರುವುದರಿಂದ ಹೆಂಡತಿಗೆ ಎಂಟನೆಯ ಒಂದು ಭಾಗ, ಅಂದರೆ 4 ಲಕ್ಷ. ಉಳಿದ 28 ಲಕ್ಷದಲ್ಲಿ ಮಗನಿಗೆ ಎರಡು ಪಾಲು, ಪ್ರತಿ ಮಗಳಿಗೆ ಒಂದು ಪಾಲು. ಮಗನಿಗೆ 14 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 7 ಲಕ್ಷ. ಹಿಂದೂ ಕುಟುಂಬವಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಾಲ್ವರಿಗೂ ಸಮ, ತಲಾ 8 ಲಕ್ಷ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಪಾಲು ಎರಡೂ ಕಾನೂನಿನಲ್ಲಿ ಹಾಗೆಯೇ ಇರುತ್ತದೆ. "ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎಂಬ ಮಾತು ಮನೆಗಳಲ್ಲಿ ಕೇಳುತ್ತೇವೆ. ಆ ಮಾತಿನಿಂದ ಅವಳ ಪಾಲು ರದ್ದಾಗುವುದಿಲ್ಲ.

ಪಾಲು ಲೆಕ್ಕ ಹಾಕುವುದು ಸುಲಭ, ಕೊಡುವುದು ಕಷ್ಟ. ಆ 32 ಲಕ್ಷ ನಗದಾಗಿ ಇಲ್ಲ. ಅದರಲ್ಲಿ ಮಷೀನು ಇದೆ, ಬಟ್ಟೆಯ ಥಾನು ಇದೆ, ವಸೂಲಾಗದ ಉದ್ರಿ ಇದೆ. ಘಟಕ ನಡೆಸುವ ಮಗ ತಾಯಿಗೆ, ತಂಗಿಯರಿಗೆ ಒಟ್ಟು 18 ಲಕ್ಷ ಒಮ್ಮೆಗೇ ಕೊಡಬೇಕಾದರೆ ಮಷೀನು ಮಾರಬೇಕು. ಮಷೀನು ಮಾರಿದರೆ ಘಟಕವೇ ಇಲ್ಲ. ಹಾಗೆಂದು ಕೊಡದೆ ಬಿಟ್ಟರೆ ಅದು ಅನ್ಯಾಯ, ಮುಂದೆ ಕೋರ್ಟು ಕಚೇರಿ. ನಡುವಿನ ದಾರಿಗಳಿವೆ. ತಂಗಿಯರು ಪಾಲುಗಾರರಾಗಿ ಉಳಿದು ವರ್ಷ ವರ್ಷ ಲಾಭದ ಪಾಲು ಪಡೆಯಬಹುದು, ನಡೆಸುವವನಿಗೆ ಅದಕ್ಕೂ ಮೊದಲು ದುಡಿಮೆಯ ಸಂಬಳ ನಿಗದಿ ಮಾಡಬಹುದು. ಇಲ್ಲವೇ ಅವರ ಪಾಲನ್ನು ಮೂರು ನಾಲ್ಕು ವರ್ಷದ ಕಂತಿನಲ್ಲಿ ಕೊಡುವ ಕರಾರನ್ನು ಬರೆಯಬಹುದು. ತಂದೆ ಬದುಕಿರುವಾಗಲೇ ಈ ಕರಾರು ಆದರೆ ಅಣ್ಣತಂಗಿಯರ ಸಂಬಂಧವೂ ಉಳಿಯುತ್ತದೆ.

ತಂದೆ ಬದುಕಿರುವಾಗ ಇನ್ನೇನು ಮಾಡಬಹುದು? ಮುಸ್ಲಿಂ ಕಾನೂನಿನಲ್ಲಿ ವಸಿಯತ್ ಮೂಲಕ ಸಾಲ ಕಳೆದು ಉಳಿದ ಆಸ್ತಿಯ ಮೂರನೆಯ ಒಂದು ಭಾಗವನ್ನು ಮಾತ್ರ ಇಷ್ಟದವರಿಗೆ ಬರೆಯಬಹುದು. ಅದನ್ನೂ ವಾರಸುದಾರರಲ್ಲೇ ಒಬ್ಬರಿಗೆ ಬರೆದರೆ, ಸುನ್ನಿ ಪದ್ಧತಿಯಲ್ಲಿ, ಮರಣದ ನಂತರ ಉಳಿದ ವಾರಸುದಾರರು ಒಪ್ಪಬೇಕು. ಹಿಬಾ, ಅಂದರೆ ಜೀವಂತವಿರುವಾಗ ಕೊಡುವ ದಾನಕ್ಕೆ ಮೂರನೆಯ ಒಂದರ ಮಿತಿ ಇಲ್ಲ. ಆದರೆ ಕೊಟ್ಟೆ ಎಂಬ ಘೋಷಣೆ, ಪಡೆದವರ ಒಪ್ಪಿಗೆ, ಸ್ವಾಧೀನ ಬಿಟ್ಟುಕೊಡುವುದು ಈ ಮೂರೂ ಆಗಬೇಕು. ಕಾಗದದಲ್ಲಿ ಮಗನಿಗೆ ಕೊಟ್ಟು ಗಲ್ಲಾದ ಕೀಲಿಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡರೆ ನಾಳೆ ಅದು ಪ್ರಶ್ನೆಗೆ ಒಳಗಾಗುತ್ತದೆ. ಹಿಂದೂಗಳು ಸ್ವಂತ ಗಳಿಕೆಯನ್ನು ಪೂರ್ತಿ ಉಯಿಲು ಬರೆಯಬಹುದು, ಇಬ್ಬರು ಸಾಕ್ಷಿಗಳ ರುಜು ಬೇಕು. ಯಾವುದನ್ನೇ ಮಾಡುವ ಮೊದಲು ಒಬ್ಬ ವಕೀಲರನ್ನು, ಬೇಕಿದ್ದರೆ ಆಲಿಂ ಒಬ್ಬರನ್ನೂ ಕೇಳುವುದು ಒಳ್ಳೆಯದು.

ಇನ್ನೊಂದು ತಪ್ಪು ತಿಳಿವಳಿಕೆ ನಾಮಿನಿಯ ಬಗ್ಗೆ. ಬ್ಯಾಂಕಿನಲ್ಲಿ, ವಿಮೆಯಲ್ಲಿ ನಾಮಿನಿಯಾದವರು ಹಣದ ಒಡೆಯರೆಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ನಾಮಿನಿ ಹಣ ಪಡೆಯುವ ಕೈ ಮಾತ್ರ, ಅದನ್ನು ವಾರಸುದಾರರಿಗೆ ಹಂಚುವ ಹೊಣೆ ಇರುತ್ತದೆ. ವಿಮೆಯ ಹಣದ ಬಗ್ಗೆ ಸುಪ್ರೀಂ ಕೋರ್ಟ್ 1983ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ, ಷೇರುಗಳ ಬಗ್ಗೆ 2023ರಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಇದನ್ನೇ ಹೇಳಿದೆ. ವಿಮೆಯಲ್ಲಿ ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾದಾಗ ಏನು ಎಂಬುದಕ್ಕೆ 2015ರ ತಿದ್ದುಪಡಿಯಲ್ಲಿ ಬೇರೆ ನಿಯಮ ಬಂದಿದೆ. ಹಾಗಾಗಿ ಪಾಲಿಸಿ ಇದ್ದವರು ಅದನ್ನು ವಿಚಾರಿಸಿಕೊಳ್ಳಬೇಕು. ಏನೇ ಇರಲಿ, ನಾಮಿನಿ ಹೆಸರು ಕೊಟ್ಟಿರಬೇಕು. ಇಲ್ಲದಿದ್ದರೆ ಹಣ ಕೈಗೆ ಬರುವುದೇ ತಡ.

ಅಂಗಡಿಯ ಬೆಲೆ ಎಷ್ಟು?

ಪಾಲು ಹಂಚಲಿಕ್ಕೂ ಮಾರಲಿಕ್ಕೂ ಬೆಲೆ ಗೊತ್ತಿರಬೇಕು. ಮಷೀನಿನ ಬೆಲೆ, ದಾಸ್ತಾನಿನ ಬೆಲೆ ಯಾರಾದರೂ ಹೇಳುತ್ತಾರೆ. ಕೀರ್ತಿಮೌಲ್ಯವನ್ನು, ಅಂದರೆ ಗುಡ್‌ವಿಲ್ ಅನ್ನು ಲೆಕ್ಕ ಹಾಕುವುದು ನಿಮಗೆ ಗೊತ್ತು. ಮೂರು ವರ್ಷದ ಲಾಭ 4, 5, 6 ಲಕ್ಷ ಎಂದುಕೊಳ್ಳಿ. ಸರಾಸರಿ 5 ಲಕ್ಷ. ಎರಡು ವರ್ಷದ ಖರೀದಿ ಎಂದರೆ 10 ಲಕ್ಷ. ಪುಸ್ತಕದ ಉತ್ತರ ಇಲ್ಲಿಗೆ ಮುಗಿಯುತ್ತದೆ.

ನಮ್ಮ ಅಂಗಡಿಗಳಲ್ಲಿ ಒಂದು ಹೆಜ್ಜೆ ಹೆಚ್ಚು ಹೋಗಬೇಕು. ಆ ಲಾಭದಲ್ಲಿ ಮಾಲೀಕರ ಸ್ವಂತ ದುಡಿಮೆಯೂ ಸೇರಿದೆ, ಅವರು ಸಂಬಳವನ್ನೇ ತೆಗೆದುಕೊಂಡಿಲ್ಲ. ಅವರ ಜಾಗದಲ್ಲಿ ತಿಂಗಳಿಗೆ 20,000 ಕೊಟ್ಟು ಒಬ್ಬರನ್ನು ಇಟ್ಟರೆ ವರ್ಷಕ್ಕೆ 2 ಲಕ್ಷ 40 ಸಾವಿರ ಹೋಗುತ್ತದೆ. ಆಗ ನಿಜವಾದ ಸರಾಸರಿ 2 ಲಕ್ಷ 60 ಸಾವಿರ, ಕೀರ್ತಿಮೌಲ್ಯ 5 ಲಕ್ಷ 20 ಸಾವಿರ. ಅರ್ಧದಷ್ಟು ಇಳಿಯಿತು. ಇನ್ನು ಗಿರಾಕಿಗಳೆಲ್ಲ ಮಾಲೀಕರ ಮುಖ ನೋಡಿ ಬರುವವರಾದರೆ ಕೊಳ್ಳುವವನು ಅಷ್ಟನ್ನೂ ಕೊಡುವುದಿಲ್ಲ. ಮಾಲೀಕರು ಒಂದು ತಿಂಗಳು ಉಮ್ರಾಗೋ ಯಾತ್ರೆಗೋ ಹೋದಾಗ ಅಂಗಡಿ ಎಷ್ಟು ನಡೆಯಿತು ಎಂಬುದೇ ಕೀರ್ತಿಮೌಲ್ಯದ ನಿಜವಾದ ಪರೀಕ್ಷೆ. ಬಿಲ್ಲು, ಬ್ಯಾಂಕು, ರಿಟರ್ನ್‌ನಲ್ಲಿ ಕಾಣದ ವ್ಯಾಪಾರಕ್ಕಂತೂ ಯಾರೂ ಬೆಲೆ ಕಟ್ಟುವುದಿಲ್ಲ.

ದಾರಿ ಒಂದೇ ಅಲ್ಲ

ಅಂಗಡಿ ಮಗನಿಗೇ ಹೋಗಬೇಕೆಂದಿಲ್ಲ. ಮಕ್ಕಳು ಓದಿ ಬೆಂಗಳೂರಿಗೋ ಗಲ್ಫ್‌ಗೋ ಹೋಗುತ್ತಾರೆ, ಅದು ತಪ್ಪಲ್ಲ. ಜಪಾನಿನಲ್ಲಿ ಇದು ದೇಶದ ಸಮಸ್ಯೆಯೇ ಆಗಿದೆ. 2025ರ ಹೊತ್ತಿಗೆ 70 ದಾಟಿದ ಸಣ್ಣ ಮತ್ತು ಮಧ್ಯಮ ಉದ್ಯಮಗಳ ಮಾಲೀಕರು ಸುಮಾರು 24.5 ಲಕ್ಷ ಆಗುತ್ತಾರೆ, ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮುಂದೆ ನಡೆಸುವವರು ನಿಗದಿಯಾಗಿಲ್ಲ ಎಂದು ಅಲ್ಲಿನ ಸರ್ಕಾರ ಅಂದಾಜು ಮಾಡಿತ್ತು. ಹಾಗಾಗಿ ಪ್ರತಿ ಪ್ರಾಂತ್ಯದಲ್ಲೂ ಅಂಗಡಿ ಬಿಡುವವರನ್ನೂ ಕೊಳ್ಳುವವರನ್ನೂ ಸೇರಿಸುವ ಸರ್ಕಾರಿ ನೆರವು ಕೇಂದ್ರಗಳಿವೆ. ನಮ್ಮಲ್ಲಿ ಆ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬೇಕು.

ಮನೆಯವರಲ್ಲಿ ಆಸಕ್ತಿ ಇರುವವರಿಗೆ ಕೊಡುವುದು ಒಂದು ದಾರಿ. ಅವರು ಮಗಳೂ ಆಗಬಹುದು, ತಾಯಿಯೂ ಆಗಬಹುದು. ಕರ್ನಾಟಕದಲ್ಲೇ, 2019ರಲ್ಲಿ ವಿ. ಜಿ. ಸಿದ್ಧಾರ್ಥ ತೀರಿಕೊಂಡಾಗ ಕೆಫೆ ಕಾಫಿ ಡೇ ಸಮೂಹದ ಮೇಲೆ ಸಾವಿರಾರು ಕೋಟಿ ಸಾಲವಿತ್ತು. 2020ರ ಡಿಸೆಂಬರ್‌ನಲ್ಲಿ ಪತ್ನಿ ಮಾಳವಿಕಾ ಹೆಗ್ಡೆ ಅದರ ಸಿಇಒ ಆದರು, ಮುಂದಿನ ವರ್ಷಗಳಲ್ಲಿ ಸಾಲ ಬಹಳಷ್ಟು ಇಳಿಯಿತು.

ಎರಡನೆಯ ದಾರಿ ಪಾಲುಗಾರರಿಗೆ ಬಿಟ್ಟುಕೊಡುವುದು. ಮೂರನೆಯದು ಜೊತೆಗೆ ದುಡಿದವರಿಗೆ ಮಾರುವುದು. ಜೀನ್ಸ್ ಘಟಕದ ಕಟಿಂಗ್ ಮಾಸ್ಟರ್‌ಗೆ ಕೆಲಸ ಗೊತ್ತು, ಪಾರ್ಟಿಗಳು ಗೊತ್ತು, ದುಡ್ಡು ಮಾತ್ರ ಇಲ್ಲ. ಮೂರನೆಯ ಒಂದು ಭಾಗ ಮುಂಗಡ ಕೊಟ್ಟು, ಉಳಿದದ್ದನ್ನು ಮೂರು ವರ್ಷದಲ್ಲಿ ದುಡಿದು ತೀರಿಸುವ ಕರಾರು ಮಾಡಬಹುದು. ಬಡ್ಡಿ ಬೇಡ ಎನ್ನುವ ಮನೆಗಳಲ್ಲೂ ಒಂದೇ ನಿಗದಿತ ಬೆಲೆಗೆ ಕಂತಿನ ಮಾರಾಟ ನಡೆಯುತ್ತದೆ. ನಾಲ್ಕನೆಯದು ಹೊರಗಿನವರಿಗೆ ಮಾರುವುದು. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಂಟಿಆರ್ ಇದಕ್ಕೆ ಉದಾಹರಣೆ. 2007ರಲ್ಲಿ ಮಸಾಲೆ ಮತ್ತು ಸಿದ್ಧ ಆಹಾರದ ಎಂಟಿಆರ್ ಫುಡ್ಸ್ ಅನ್ನು ನಾರ್ವೆಯ ಓರ್ಕ್ಲಾ ಕಂಪನಿಗೆ ಮಾರಿದರು, ಹೋಟೆಲುಗಳನ್ನು ಮಯ್ಯ ಕುಟುಂಬ ಉಳಿಸಿಕೊಂಡಿತು. ಒಂದು ಭಾಗ ಮಾರಿ ಒಂದು ಭಾಗ ಇಟ್ಟುಕೊಳ್ಳುವುದೂ ಸಾಧ್ಯ.

ಐದನೆಯದು ಗೌರವದಿಂದ ಮುಚ್ಚುವುದು. ಹೊಸ ದಾಸ್ತಾನು ನಿಲ್ಲಿಸಿ, ಉದ್ರಿ ವಸೂಲು ಮಾಡಿ, ಸಾಲ ತೀರಿಸಿ, ಕೆಲಸಗಾರರ ಲೆಕ್ಕ ಚುಕ್ತಾ ಮಾಡಬೇಕು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಐದು ವರ್ಷ ಸೇವೆ ಮಾಡಿದವರಿಗೆ ಗ್ರಾಚ್ಯುಯಿಟಿ ಕೊಡಬೇಕು. ಜಿಎಸ್‌ಟಿ ರದ್ದು ಮಾಡಿಸಿ, ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಹಾಕಬೇಕು. ಹೀಗೆ ಮುಚ್ಚಿದ ಅಂಗಡಿಯ ಮಾಲೀಕರು ಸೋತವರೇನಲ್ಲ. ಅವರು ಮಕ್ಕಳ ಮೇಲೆ ಸಾಲ ಬಿಟ್ಟು ಹೋಗಿಲ್ಲ.

ನೀವು ಮಾಡಬಹುದಾದದ್ದು

ಮಾತನ್ನು ಪಾಲಿನಿಂದ ಶುರು ಮಾಡಬೇಡಿ. "ಅಬ್ಬಾ, ಕಾಲೇಜಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ, ನಮ್ಮ ಅಂಗಡಿಯ ಲೆಕ್ಕ ಬರೆಯಬೇಕು" ಎಂದು ಶುರು ಮಾಡಿ. ಸುಳ್ಳು ಹೇಳಿದಂತೆ ಆಗುವುದಿಲ್ಲ, ಈ ಲೇಖನದ ಮೂಲಕ ನಾನು ಆ ಪ್ರಾಜೆಕ್ಟ್ ಕೊಡುತ್ತಿದ್ದೇನೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಭಾನುವಾರಕ್ಕೆ ಒಂದು ಗಂಟೆಯಂತೆ ಇವನ್ನು ಕೇಳಿ ಬರೆಯಿರಿ.

ನಮಗೆ ಯಾರು ಎಷ್ಟು ಕೊಡಬೇಕು, ನಾವು ಯಾರಿಗೆ ಎಷ್ಟು ಕೊಡಬೇಕು? ಮಾಲು ಎಲ್ಲಿಂದ ಬರುತ್ತದೆ, ಯಾವ ಕರಾರಿನ ಮೇಲೆ? ದೊಡ್ಡ ಗಿರಾಕಿಗಳು ಹತ್ತು ಜನ ಯಾರು? ಕೆಲಸಗಾರರಲ್ಲಿ ಯಾರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ? ಯಾವ ಪರವಾನಗಿ ಯಾರ ಹೆಸರಿನಲ್ಲಿದೆ, ಯಾವಾಗ ಮುಗಿಯುತ್ತದೆ? ಬಾಡಿಗೆ ಕರಾರು, ವಿಮೆ, ಬ್ಯಾಂಕ್ ಪಾಸ್‌ಬುಕ್ ಎಲ್ಲಿವೆ, ನಾಮಿನಿ ಯಾರು? ನಾಳೆ ಒಂದು ತಿಂಗಳು ಅಂಗಡಿಗೆ ಬರಲಾಗದಿದ್ದರೆ ಗಲ್ಲಾದಲ್ಲಿ ಯಾರು ಕೂರಬೇಕು?

ಮೊದಲ ಪ್ರಶ್ನೆಯ ಬಗ್ಗೆ ಒಂದು ಮಾತು. ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ಕುರ್‌ಆನಿನ ಅತಿ ಉದ್ದದ ಆಯತ್, ಸೂರಾ ಅಲ್ ಬಕರಾದ 282ನೆಯದು, ವಿವರವಾಗಿ ಹೇಳುತ್ತದೆ. ಹಿರಿಯರು ಹಿಂಜರಿದರೆ ಅದನ್ನು ನೆನಪಿಸಬಹುದು. ಉದ್ರಿ ಬರೆದಿಡುವುದು ಅಪನಂಬಿಕೆ ಅಲ್ಲ ಎಂದು ಅವರಿಗೂ ಗೊತ್ತು.

ಬರೆದದ್ದನ್ನು ಅಮ್ಮಿಗೆ, ಅವ್ವನಿಗೆ ಓದಿ ಹೇಳಿ. ಅಂಗಡಿಯ ಸಾಲಕ್ಕೆ ಜಾಮೀನು ರುಜು ಹಾಕಿದ ಎಷ್ಟೋ ತಾಯಂದಿರಿಗೆ ಅಂಗಡಿಗೆ ಬರಬೇಕಾದ ಬಾಕಿ ಎಷ್ಟೆಂದು ಗೊತ್ತಿರುವುದಿಲ್ಲ. ಆಮೇಲೆ ರಜೆಯಲ್ಲಿ ವಾರಕ್ಕೆ ಎರಡು ದಿನ ಅಂಗಡಿಯಲ್ಲಿ ಕೂತು, ಬರೆದದ್ದು ನಿಜವೇ ಎಂದು ನೋಡಿ. ಹೆಣ್ಣುಮಕ್ಕಳೂ ಕೂರಲಿ. ಮುಂದೆ ನಡೆಸದಿದ್ದರೂ ಲೆಕ್ಕ ಗೊತ್ತಿರುವವರನ್ನು ಯಾರೂ ಸುಲಭವಾಗಿ ಏಮಾರಿಸಲಾರರು.

ಈ ನೋಟ್‌ಬುಕ್ ಇದ್ದ ಮನೆಯಲ್ಲಿ ಕಷ್ಟ ಬರುವುದೇ ಇಲ್ಲ ಎನ್ನಲಾರೆ. ಆದರೆ ಕಷ್ಟ ಬಂದಾಗ ಪುಸ್ತಕ ನೋಡಿ ಕಟಿಂಗ್ ಮಾಸ್ಟರ್ ಒಂದು ತಿಂಗಳು ನಡೆಸಬಹುದು, ಚಾಚಾ ಉದ್ರಿ ವಸೂಲು ಮಾಡಬಹುದು, ತಾಯಿ ಬ್ಯಾಂಕಿಗೆ ಹೋಗಬಹುದು, ನೀವು ಪರೀಕ್ಷೆಗೆ ಬರಬಹುದು. ನೋಟ್‌ಬುಕ್ ಬರೆಯುವಾಗ ಅನುಮಾನ ಬಂದರೆ ವಾಣಿಜ್ಯ ವಿಭಾಗಕ್ಕೆ ತನ್ನಿ. ವಿಜ್ಞಾನ, ಕಲಾ ವಿಭಾಗದವರಿಗೂ ಬಾಗಿಲು ತೆರೆದಿದೆ. ಹೆಸರು, ಮೊತ್ತ ತೋರಿಸುವ ಅಗತ್ಯವಿಲ್ಲ, ಪ್ರಶ್ನೆ ಕೇಳಿದರೆ ಸಾಕು.

ವಾಣಿಜ್ಯ ವಿಭಾಗದ ಉಪನ್ಯಾಸಕ